ಸ್ಟೇಜ್ ಮೇಲಿನ ಸಾಲು, ರಾತ್ರಿ ಹತ್ತರ ಗಡಿ: ರಿಸೆಪ್ಷನ್ ಡಿಜೆಯ ತಯಾರಿ

(ಡಿಜೆ ಮತ್ತು ಸೌಂಡ್ ಕೆಲಸ ಕಲಿಯುತ್ತಿರುವವರ ಮುಂದೆ ಬೆಂಗಳೂರಿನಲ್ಲಿ ಆಡಿದ ಮಾತುಗಳ ಬರಹ ರೂಪ. ಹೇಳಿದ್ದನ್ನೇ ಹೇಳಿದ ಕಡೆ ಕತ್ತರಿ ಹಾಕಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಮೂರನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಇಲ್ಲಿ ಕೂತಿರುವ ಹೆಚ್ಚಿನವರಿಗೆ ಮಿಕ್ಸಿಂಗ್ ಬರುತ್ತದೆ. ಕೆಲವರು ನನಗಿಂತ ಚೆನ್ನಾಗಿಯೇ ಮಾಡುತ್ತೀರಿ. ಹಾಗಾಗಿ ಎರಡು ಹಾಡು ಜೋಡಿಸೋದು ಹೇಗೆ ಅಂತ ಇವತ್ತು ಜಾಸ್ತಿ ಮಾತಾಡುವುದಿಲ್ಲ. ಮದುವೆ ರಿಸೆಪ್ಷನ್‌ಗೆ ಹೋಗುವ ಡಿಜೆ ಏನೇನು ತಿಳಿದುಕೊಂಡು ಹೋಗಬೇಕು ಅನ್ನೋದಷ್ಟೇ ಇವತ್ತಿನ ವಿಷಯ.

ಕ್ಲಬ್ಬಿಗೆ ಬರುವವರು ಹಾಡಿಗಾಗಿ ಬರುತ್ತಾರೆ. ರಿಸೆಪ್ಷನ್‌ಗೆ ಹಾಡಿಗಾಗಿ ಬರುವವರು ಒಬ್ಬರೂ ಇಲ್ಲ. ಹುಡುಗಿಯ ತಂದೆಯ ಆಫೀಸಿನವರು ಸ್ಟೇಜ್ ಹತ್ತಬೇಕು, ಕವರ್ ಕೊಡಬೇಕು, ಫೋಟೋಗೆ ನಿಲ್ಲಬೇಕು, ಊಟ ಮುಗಿಸಿ ಟ್ರಾಫಿಕ್ ದಾಟಿ ಮನೆ ಸೇರಬೇಕು. ಎಷ್ಟೋ ವರ್ಷದಿಂದ ಒಬ್ಬರಿಗೊಬ್ಬರು ಸಿಗದ ದೊಡ್ಡಮ್ಮ ಚಿಕ್ಕಮ್ಮಂದಿರು ಕುರ್ಚಿ ಸುತ್ತ ಹಾಕಿಕೊಂಡು ಮಾತಾಡಬೇಕು. ಮನೆಯವರಿಗೆ ಬೆಳಗಿನ ಮುಹೂರ್ತದ ಚಿಂತೆ. ಕುಣಿಯಬೇಕು ಅಂತಲೇ ಬರುವವರು ಹುಡುಗ ಹುಡುಗಿಯ ಸ್ನೇಹಿತರು, ಕಸಿನ್‌ಗಳು, ಅಷ್ಟೇ. ಐನೂರು ಜನ ಸೇರಿದರೆ ಕುಣಿಯುವವರು ಐವತ್ತು ಅಂದುಕೊಳ್ಳಿ. ಉಳಿದ ನಾನೂರೈವತ್ತು ಜನರ ಮಾತಿಗೆ ಅಡ್ಡ ಬರದೇ ಇರೋದೇ ನೀವು ಅವರಿಗೆ ಮಾಡುವ ದೊಡ್ಡ ಉಪಕಾರ.

ಇದನ್ನು ಒಪ್ಪಿಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ. ಇಡೀ ಸಂಜೆಯಲ್ಲಿ ಕುಣಿತಕ್ಕೆ ಸಿಗುವುದು ಮುಕ್ಕಾಲು ಗಂಟೆ, ಹೆಚ್ಚೆಂದರೆ ಒಂದು ಗಂಟೆ. ಆ ಹೊತ್ತು ಯಾವಾಗ ಬರುತ್ತದೆ ಅಂತ ಮುಂಚೆಯೇ ಮನೆಯವರ ಜೊತೆ ಕೂತು ಗೊತ್ತು ಮಾಡಿಕೊಳ್ಳಬೇಕು. ಆಮೇಲೆ ಅದನ್ನು ಕೈ ಜಾರದಂತೆ ನೋಡಿಕೊಳ್ಳಬೇಕು. ನನ್ನ ಪ್ರಕಾರ ರಿಸೆಪ್ಷನ್ ತಯಾರಿ ಅಂದ್ರೆ ಮುಖ್ಯವಾಗಿ ಇದೇ. ಹಾಡಿನ ಪಟ್ಟಿ ಆಮೇಲೆ.

ಬೆಂಗಳೂರು, ಮೈಸೂರು, ಮಂಡ್ಯ, ತುಮಕೂರು ಕಡೆ ರಿಸೆಪ್ಷನ್ ಸಾಮಾನ್ಯವಾಗಿ ಮುಹೂರ್ತದ ಹಿಂದಿನ ಸಂಜೆ. ಲಗ್ನಪತ್ರಿಕೆಯಲ್ಲಿ ಆರತಕ್ಷತೆ ಸಂಜೆ 6.30ಕ್ಕೆ ಅಂತ ಅಚ್ಚಾಗಿರುತ್ತದೆ. ಮೇಕಪ್ ಮುಗಿದು ಹುಡುಗಿ ಸ್ಟೇಜ್‌ಗೆ ಬರುವಾಗ 7.30. ಅಷ್ಟೊತ್ತಿಗೆ ಸಾಲು ಬಾಗಿಲ ತನಕ ಬೆಳೆದಿರುತ್ತದೆ. ಒಂದೊಂದು ಕುಟುಂಬಕ್ಕೂ ಒಂದು ಫೋಟೋ, ಒಂದು ವಿಡಿಯೋ, ಮೊಬೈಲಿನಲ್ಲಿ ಇನ್ನೊಂದು. ಸಾಲು ಕರಗುವಾಗ 9.30. ಆಮೇಲೆ ಫೋಟೋದವರು ಇಬ್ಬರನ್ನೂ ಹಿಡಿದುಕೊಂಡು ಬೇರೆ ಬೇರೆ ಪೋಸ್ ಕೊಡಿಸುತ್ತಾರೆ. ಇಬ್ಬರಿಗೂ ಹೊಟ್ಟೆ ಹಸಿದಿರುತ್ತದೆ. ಅಷ್ಟು ಹೊತ್ತು ಕಾದಿದ್ದ ಸ್ನೇಹಿತರು, 'ಡಿಜೆ ಅಣ್ಣಾ, ಶುರು ಮಾಡಿ' ಅನ್ನುವಾಗ ಗಡಿಯಾರ ನೋಡಿದರೆ 9.50.

ಹತ್ತು ಗಂಟೆಗೆ ಛತ್ರದ ಮ್ಯಾನೇಜರ್ ಬರುತ್ತಾರೆ. ಅವರ ಮೇಲೆ ಸಿಟ್ಟು ಮಾಡಿಕೊಂಡು ಪ್ರಯೋಜನ ಇಲ್ಲ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕ ಬಳಸುವಂತಿಲ್ಲ. ಸಭಾಂಗಣ, ಬ್ಯಾಂಕ್ವೆಟ್ ಹಾಲ್‌ನಂಥ ಮುಚ್ಚಿದ ಜಾಗದ ಒಳಗಿನ ಬಳಕೆಗೆ ವಿನಾಯಿತಿ ಇದೆ, ನಿಜ. ಆದರೆ ನಮ್ಮ ಎಷ್ಟು ಛತ್ರಗಳು ನಿಜವಾಗಿ ಮುಚ್ಚಿವೆ? ಊಟದ ಹಾಲ್ ಕಡೆ ಬಾಗಿಲು ತೆರೆದಿರುತ್ತದೆ, ಮೇಲೆ ಕಿಟಕಿಗಳು ತೆರೆದಿರುತ್ತವೆ, ಪಕ್ಕದ ಗೋಡೆಯಾಚೆ ಮನೆಗಳು. ವಸತಿ ಪ್ರದೇಶಕ್ಕೆ ಅದೇ ನಿಯಮ ಇಟ್ಟಿರುವ ಮಿತಿ ಹಗಲು 55 ಡೆಸಿಬೆಲ್, ರಾತ್ರಿ 45. ಇಬ್ಬರು ಎದುರುಬದುರು ಕೂತು ಆಡುವ ಮಾತೇ ಸುಮಾರು 60 ಇರುತ್ತದೆ. ಅಂದಮೇಲೆ ನಿಮ್ಮ 18 ಇಂಚಿನ ಬೇಸ್ ಬಾಕ್ಸು ಎಲ್ಲಿಗೆ ಹೋಯಿತು ಲೆಕ್ಕ ಹಾಕಿ. ಲಾನ್ ಮದುವೆಯಾದರೆ ಆ ವಿನಾಯಿತಿಯೂ ಇಲ್ಲ. ಹತ್ತಕ್ಕೆ ಸ್ವಿಚ್ ಆಫ್.

ಹಾಗಾಗಿ ನಾನು ಪ್ರತಿ ಮನೆಯವರಿಗೂ ಒಂದು ಸಲಹೆ ಕೊಡುತ್ತೇನೆ. 8.30ಕ್ಕೆ ಹೆಣ್ಣು ಗಂಡನ್ನು ಸ್ಟೇಜ್‌ನಿಂದ ಕೆಳಗಿಳಿಸಿ. ನಲವತ್ತು ನಿಮಿಷ ಕುಣಿಯಲಿ. ಆಮೇಲೆ ಮತ್ತೆ ಹತ್ತಿ ನಿಲ್ಲಲಿ. ಸಾಲಿನಲ್ಲಿ ನಿಂತವರನ್ನು ಆ ಹೊತ್ತಿಗೆ ಊಟಕ್ಕೆ ಕಳಿಸಿ. ಇದಕ್ಕೆ ಎಲ್ಲರ ಮನೆಯಲ್ಲೂ ಒಬ್ಬ ಸೋದರಮಾವನಿಂದ ಒಂದೇ ಆಕ್ಷೇಪ ಬರುತ್ತದೆ: 'ಅಲ್ಲಪ್ಪ, ದೊಡ್ಡವರು ಗಿಫ್ಟ್ ಹಿಡ್ಕೊಂಡು ನಿಂತಿರ್ತಾರೆ, ಹೆಣ್ಣು ಗಂಡು ಕೆಳಗೆ ಕುಣೀತಿದ್ರೆ ಏನಂದ್ಕೊಳ್ತಾರೆ?' ಅದು ಸುಮ್ಮನೆ ತಳ್ಳಿಹಾಕುವ ಮಾತಲ್ಲ. ಉತ್ತರ ಹೀಗೆ ಕೊಡಿ: 'ಮಾವ, ನಿಂತೇ ಇದ್ರೆ ಬೇಜಾರಾಗುತ್ತೆ, ಊಟಕ್ಕೆ ಕರೆದ್ರೆ ಯಾರಿಗೂ ಬೇಜಾರಾಗಲ್ಲ. ನೀವೇ ಮುಂದೆ ನಿಂತು ಕರ್ಕೊಂಡು ಹೋಗಿ.' ಸೋದರಮಾವನಿಗೆ ಒಂದು ಜವಾಬ್ದಾರಿ ಸಿಕ್ಕಿತು, ನಿಮಗೆ ನಲವತ್ತು ನಿಮಿಷ ಸಿಕ್ಕಿತು.

ಈ ಸಮಯವನ್ನು ಅಡುಗೆಯವರಿಗೂ ಫೋಟೋದವರಿಗೂ ಹಿಂದಿನ ದಿನವೇ ಹೇಳಿರಬೇಕು. ಅಡುಗೆಯವರು ಎಲೆ ಹಾಕಿ ಬಡಿಸುವವರಾದರೆ ಒಂದು ಪಂಕ್ತಿ ಏಳಲು ಎಷ್ಟು ಹೊತ್ತು ಬೇಕು ಅಂತ ಅವರನ್ನೇ ಕೇಳಿ. ಎರಡನೇ ಪಂಕ್ತಿ ಕೂರುವ ಹೊತ್ತಿಗೆ ಕುಣಿತ ಶುರುವಾದರೆ ಸಾಲು ತಾನಾಗಿಯೇ ತೆಳ್ಳಗಾಗುತ್ತದೆ.

ಇಷ್ಟೆಲ್ಲಾ ಯಾವಾಗ ಮಾತಾಡೋದು ಅಂದ್ರೆ, ಮದುವೆಗೆ ಎರಡು ಮೂರು ವಾರ ಮುಂಚೆ ಮನೆಗೆ ಹೋಗಿ. ಫೋನಿನಲ್ಲಿ ಮುಗಿಸಬೇಡಿ. ಫೋನಿನಲ್ಲಿ ಹುಡುಗನೋ ಹುಡುಗಿಯೋ ಮಾತ್ರ ಸಿಗುತ್ತಾರೆ. ಅವರು ಎಂಬತ್ತು ಹಾಡಿನ ಪಟ್ಟಿ ಕಳಿಸುತ್ತಾರೆ. ಅದರಲ್ಲಿ ಅರ್ಧ, ರಾತ್ರಿ ಕಾರಿನಲ್ಲಿ ಒಬ್ಬರೇ ಹೋಗುವಾಗ ಕೇಳುವ ಹಾಡುಗಳು. ಹಾಡು ಚೆನ್ನಾಗಿರುತ್ತವೆ, ಅದಕ್ಕೆ ಕುಣಿಯೋಕಾಗಲ್ಲ. ಅವನ್ನು ಬಿಸಾಕಬೇಡಿ, 7.30ರಿಂದ 8.30ರ ನಡುವೆ ಮೆಲ್ಲಗೆ ಹಾಕಿ. ಸ್ಟೇಜ್ ಮೇಲೆ ನಗುತ್ತಾ ನಿಂತು ಕೆನ್ನೆ ನೋಯುತ್ತಿರುವ ಹೊತ್ತಿನಲ್ಲಿ ತಮ್ಮ ಹಾಡು ಕೇಳಿಸಿದರೆ ಅವರಿಗೆ ಖುಷಿಯಾಗುತ್ತದೆ.

ಮನೆಯಲ್ಲಿ ಕೂತಾಗ ಯಾವ ಹಾಡು ಬೇಕು ಅಂತ ಕೇಳುವುದಕ್ಕಿಂತ ಯಾವುದು ಬೇಡ ಅಂತ ಕೇಳಿ. ಹುಡುಗಿಯ ತಾಯಿ ಮೊದಲು, 'ಏನೋ ಒಂದು ಚೆನ್ನಾಗಿರೋದು ಹಾಕಪ್ಪ, ತಲೆನೋವು ಬರಿಸಬೇಡ ಅಷ್ಟೆ' ಅಂತಾರೆ. ಕಾಫಿ ಮುಗಿಯುವ ತನಕ ಕಾಯಿರಿ. ಒಂದು ಮನೆಯಲ್ಲಿ ಹಾಗೇ ಎದ್ದು ಹೊರಡುವ ಹೊತ್ತಿಗೆ ಆ ತಾಯಿ ದನಿ ಇಳಿಸಿ ಹೇಳಿದರು: 'ನಮ್ಮ ಮೈದುನ ಹೋಗಿ ಎರಡು ವರ್ಷ ಆಯ್ತು. ಅವನು ಎಲ್ಲರ ಮದುವೆಲೂ ಮೈಕ್ ಇಸ್ಕೊಂಡು ಒಂದೇ ಹಾಡು ಹಾಡ್ತಿದ್ದ. ಅದು ಬಂದ್ರೆ ನಮ್ಮತ್ತೆ ಎದ್ದು ಹೋಗ್ಬಿಡ್ತಾರೆ ಕಣಪ್ಪ.' ಅದು ಎಲ್ಲ ಡಿಜೆಗಳೂ ಹಾಕುವ ಹಾಡು. ಯಾವ ಸಾಫ್ಟ್‌ವೇರ್ ನಿಮಗೆ ಇದನ್ನು ಹೇಳುತ್ತದೆ? ಆ ಹಾಡನ್ನು ಆ ಮದುವೆಯ ಫೋಲ್ಡರ್‌ನಿಂದಲೇ ತೆಗೆದುಬಿಟ್ಟೆ. ಇಲ್ಲದಿದ್ದರೆ ಯಾರೋ ಬಂದು ಕೇಳಿದಾಗ ಕೈ ತಾನೇ ಹೋಗಿಬಿಡುತ್ತದೆ.

ಬೇಡದ ಪಟ್ಟಿಯಲ್ಲಿ ಇನ್ನೂ ಕೆಲವು ಇರುತ್ತವೆ. ಕುಡಿತದ ಹಾಡು ಕೆಲವು ಮನೆಗೆ ಬೇಡವೇ ಬೇಡ, ಕೆಲವು ಮನೆಯಲ್ಲಿ ಅಪ್ಪನೇ ಕೇಳುತ್ತಾರೆ. ಎರಡರ್ಥದ ಸಾಹಿತ್ಯ ಇರುವ ಹಾಡನ್ನು ನೀವೇ ಮುಂಚೆ ಪೂರ್ತಿ ಕೇಳಿ. ಪಲ್ಲವಿ ಸರಿಯಿದ್ದು ಎರಡನೇ ಚರಣದಲ್ಲಿ ಕೈ ಕೊಡುವ ಹಾಡುಗಳು ಬೇಕಾದಷ್ಟಿವೆ. ಇನ್ನು ಸ್ಟಾರ್ ಅಭಿಮಾನಿಗಳು. ಗಂಡಿನ ಸ್ನೇಹಿತರು ಒಬ್ಬ ನಟನ ಕಡೆ, ಹೆಣ್ಣಿನ ಅಣ್ಣತಮ್ಮಂದಿರು ಇನ್ನೊಬ್ಬ ನಟನ ಕಡೆ ಇದ್ದರೆ ಎರಡೂ ಕಡೆಯ ಹಾಡು ಸಮ ಸಮ ಹಾಕಬೇಕು. ಇಲ್ಲ ಎರಡನ್ನೂ ಬಿಡಬೇಕು. ತಮಾಷೆಗೆ ಹೇಳ್ತಿಲ್ಲ.

ಈಗ ಮೊದಲ ಎರಡು ಗಂಟೆಯ ಸಂಗೀತಕ್ಕೆ ಬರೋಣ. ಜನ ಸಾಮಾನ್ಯ ದನಿಯಲ್ಲಿ ಮಾತಾಡುವ ಹಾಗಿರಬೇಕು. ಇದನ್ನು ಪರೀಕ್ಷೆ ಮಾಡುವ ಸುಲಭ ದಾರಿ: ಕನ್ಸೋಲ್ ಬಿಟ್ಟು ಎದ್ದು, ಸ್ಪೀಕರ್‌ಗೆ ಅತಿ ಹತ್ತಿರದ ಕುರ್ಚಿಯಲ್ಲಿ ಕೂತು ಪಕ್ಕದವರನ್ನು ಊಟ ಆಯ್ತಾ ಅಂತ ಕೇಳಿ. ಅವರು 'ಆಂ?' ಅಂದರೆ ವಾಲ್ಯೂಮ್ ಜಾಸ್ತಿ. ಛತ್ರದ ಒಳಗೆ ಗ್ರಾನೈಟ್ ನೆಲ, ಎತ್ತರದ ಕಾಂಕ್ರೀಟ್ ಚಾವಣಿ, ಖಾಲಿ ಗೋಡೆ. ಸದ್ದು ಎಲ್ಲೂ ಹೀರಿಕೊಳ್ಳದೆ ಸುತ್ತು ಹೊಡೆಯುತ್ತದೆ. ಸಂಜೆ ಐದಕ್ಕೆ ಖಾಲಿ ಹಾಲ್‌ನಲ್ಲಿ ಸೌಂಡ್ ಚೆಕ್ ಮಾಡಿದಾಗ ಎಲ್ಲವೂ ಗೊಳಗೊಳ ಅನ್ನುತ್ತದೆ. ಜನ ತುಂಬಿದ ಮೇಲೆ ಮೈ, ಬಟ್ಟೆ ಎಲ್ಲಾ ಸೇರಿ ಮೇಲಿನ ಸ್ವರಗಳನ್ನು ಹೀರುತ್ತವೆ, ಆಗ ಮಂಕಾಗುತ್ತದೆ. ಹಾಗಾಗಿ ಐದು ಗಂಟೆಯ ಸೆಟ್ಟಿಂಗ್ ನಂಬಿ ಕೂರಬೇಡಿ.

ಈ ಹೊತ್ತಿಗೆ ವಾದ್ಯಸಂಗೀತ ಒಳ್ಳೆಯದು. ಕದ್ರಿ ಗೋಪಾಲನಾಥ್ ಅವರ ಸ್ಯಾಕ್ಸೋಫೋನ್ ಹಾಕಿದರೆ ಕಚೇರಿ ಕೇಳುವವರೂ ತಲೆದೂಗುತ್ತಾರೆ, ಸುಮ್ಮನೆ ಕೂತವರಿಗೂ ಹಿತ. ವೀಣೆ, ಕೊಳಲು, ಬಿಸ್ಮಿಲ್ಲಾ ಖಾನ್ ಅವರ ಶೆಹನಾಯಿ, ಯಾವುದಾದರೂ ಸರಿ. ಸಿನಿಮಾ ಹಾಡಿನ ವಾದ್ಯರೂಪ ಹಾಕುವಾಗ ಮಾತ್ರ ಎಚ್ಚರ. ಕನ್ನಡದಲ್ಲಿ ಅತಿ ಇಂಪಾದ ಟ್ಯೂನ್‌ಗಳು ಅದ್ಯಾಕೋ ಅಗಲಿಕೆಯ ಹಾಡಿಗೇ ಬಿದ್ದಿವೆ. ವಯೊಲಿನ್‌ನಲ್ಲಿ ನುಡಿಸಿದರೆ ಮಾತಿಲ್ಲವಲ್ಲ ಅಂತ ನೀವು ಅಂದುಕೊಳ್ಳುತ್ತೀರಿ. ಕೇಳುವವರ ತಲೆಯಲ್ಲಿ ಮಾತು ಓಡುತ್ತಲೇ ಇರುತ್ತದೆ. ಹೆಣ್ಣು ಸ್ಟೇಜ್ ಹತ್ತುವಾಗ ಸಾವಿನ ದೃಶ್ಯದ ಹಾಡು ಬಂದರೆ ಅಜ್ಜಿಯರು ಮುಖ ಮುಖ ನೋಡಿಕೊಳ್ಳುತ್ತಾರೆ.

ಓಲಗದವರು ಇದ್ದರೆ ಅವರು ನುಡಿಸುವಾಗ, ಸದ್ದು ಏರಿಸಿ ಇಳಿಸುವ ನಿಮ್ಮ ಫೇಡರ್ ಪೂರ್ತಿ ಕೆಳಗೆ. ಸ್ವಲ್ಪ ಅಲ್ಲ, ಪೂರ್ತಿ. ಹೋದ ಕೂಡಲೇ ಅವರ ಹತ್ತಿರ ಹೋಗಿ, 'ಯಜಮಾನ್ರೇ, ನೀವು ಯಾವಾಗ ಶುರು ಮಾಡ್ತೀರಿ, ಯಾವಾಗ ನಿಲ್ಲಿಸ್ತೀರಿ, ಒಂದು ಸನ್ನೆ ಮಾಡಿ' ಅಂತ ಕೇಳಿಕೊಳ್ಳಿ. ನಾದಸ್ವರ ಮೈಕ್ ಇಲ್ಲದೆಯೇ ಇಡೀ ಹಾಲ್ ತುಂಬುತ್ತದೆ. ಅದರ ಜೊತೆ ಪೈಪೋಟಿಗೆ ಹೋದರೆ ಕೆಟ್ಟದಾಗಿ ಕೇಳುವುದು ನಿಮ್ಮದೇ.

ಇನ್ನು ಕುಣಿತದ ಹೊತ್ತು. ಇಲ್ಲಿ ನನ್ನದೊಂದು ಗಟ್ಟಿಯಾದ ಅಭಿಪ್ರಾಯ ಇದೆ. ಮೊದಲ ಹಾಡು ಹುಡುಗರಿಗಲ್ಲ, ಅವರ ಅಪ್ಪ ಅಮ್ಮನಿಗೆ. ಹುಡುಗರು ಹೇಗಿದ್ದರೂ ಬರುತ್ತಾರೆ. ಹಿರಿಯರು ಹುಡುಗರು ತುಂಬಿದ ಮೇಲೆ ಬರುವುದಿಲ್ಲ, ಮೊದಲೇ ಎಳೆದರೆ ಬರುತ್ತಾರೆ.

ಆದರೆ ಹಿರಿಯರ ಹಾಡು ಅಂದ ಕೂಡಲೇ ಹೊಸ ಹುಡುಗರು ಕಪ್ಪುಬಿಳುಪು ಸಿನಿಮಾಕ್ಕೆ ಹೋಗಿಬಿಡುತ್ತಾರೆ. ಲೆಕ್ಕ ಹಾಕಿ. 'ಪ್ರೇಮಲೋಕ' ಬಂದಿದ್ದು 1987ರಲ್ಲಿ. ಆಗ ಕಾಲೇಜಿನಲ್ಲಿದ್ದವರೇ ಇವತ್ತು ಹೆಣ್ಣು ಗಂಡಿನ ತಂದೆ ತಾಯಿ. ಹಂಸಲೇಖ ಅವರ ಆ ಹಾಡುಗಳು ಅವರ ಹರೆಯದ ಹಾಡು. ಅದಕ್ಕಿಂತ ಸ್ವಲ್ಪ ಹಿಂದಕ್ಕೆ ಹೋದರೆ 1981ರ 'ಗೀತಾ'. ಇಳಯರಾಜ ಸಂಗೀತಕ್ಕೆ ಎಸ್‌ಪಿಬಿ ಹಾಡಿದ 'ಸಂತೋಷಕ್ಕೆ' ಹಾಡಿಗೆ ಅರವತ್ತು ದಾಟಿದ ದೊಡ್ಡಪ್ಪಂದಿರೂ ಕುರ್ಚಿಯಲ್ಲಿ ಭುಜ ಅಲ್ಲಾಡಿಸುತ್ತಾರೆ. ಹಾಗೇ 2006ರ 'ಮುಂಗಾರು ಮಳೆ' ನಿಮಗೆ ಹಳೆಯದು. ಕಂಕುಳಲ್ಲಿ ಮಗು ಎತ್ತಿಕೊಂಡು ನಿಂತಿರುವ ಅಕ್ಕನಿಗೆ ಅದು ಹೈಸ್ಕೂಲಿನ ದಿನಗಳು. ಯಾವ ಹಾಡು ಯಾರಿಗೆ ಅಂತ ತಿಳಿಯಬೇಕಾದರೆ ಸಿನಿಮಾ ಬಂದ ವರ್ಷದಲ್ಲಿ ಆ ಮನುಷ್ಯನ ವಯಸ್ಸು ಎಷ್ಟಿತ್ತು ನೋಡಿ. ಹದಿನೈದರಿಂದ ಇಪ್ಪತ್ತೆರಡರ ನಡುವೆ ಇದ್ದರೆ ಆ ಹಾಡಿಗೆ ಕಾಲು ತಾನೇ ಎದ್ದುಬಿಡುತ್ತದೆ.

ಆ ಕಾಲದ ಹಾಡುಗಳಲ್ಲಿ ಒಂದು ತೊಂದರೆ. ಎಷ್ಟೋ ಹಾಡಿನಲ್ಲಿ ವಾದ್ಯದವರು ಸ್ಟುಡಿಯೋದಲ್ಲಿ ಒಟ್ಟಿಗೆ ಕೂತು ನುಡಿಸಿದ್ದು, ಯಂತ್ರದ ತಾಳ ಅಲ್ಲ. ಪಲ್ಲವಿಗೂ ಚರಣಕ್ಕೂ ವೇಗ ಸ್ವಲ್ಪ ಸ್ವಲ್ಪ ಬದಲಾಗುತ್ತದೆ. ಸಾಫ್ಟ್‌ವೇರ್ ಎಳೆದ ಬೀಟ್‌ಗ್ರಿಡ್ (ಏಟು ಎಲ್ಲೆಲ್ಲಿ ಬೀಳುತ್ತದೆ ಅನ್ನುವ ಗುರುತು) ಅರ್ಧ ಹಾಡಿನಲ್ಲೇ ತಪ್ಪಿಹೋಗುತ್ತದೆ. ಅಲ್ಲಿ ಎರಡು ಹಾಡಿನ ಏಟನ್ನು ತಾನೇ ಜೋಡಿಸುವ ಸಿಂಕ್ ಒತ್ತಿದರೆ ಕುದುರೆ ಓಡಿದ ಹಾಗೆ ಕೇಳುತ್ತದೆ. ಹಳೆ ಹಾಡನ್ನು ಬೀಟ್ ಜೋಡಿಸಲು ಹೋಗದೆ, ಪೂರ್ತಿ ಮುಗಿಸಿ ಅಥವಾ ಪಲ್ಲವಿಯ ಕೊನೆಗೆ ನಿಲ್ಲಿಸಿ ಮುಂದಿನದಕ್ಕೆ ಹೋಗಿ.

ಇದಕ್ಕಿಂತ ದೊಡ್ಡ ವಿಷಯ ತಮಟೆ ಏಟು. ಟಪ್ಪಾಂಗುಚ್ಚಿ ಅಂತೀವಲ್ಲ, ಆ ನಡೆ. ನಮ್ಮ ಜನ ನಿಜವಾಗಿ ಕುಣಿಯೋದು ಅದಕ್ಕೆ. ಇಂಗ್ಲಿಷ್, ಹಿಂದಿ ಡ್ಯಾನ್ಸ್ ಹಾಡುಗಳು ಹೆಚ್ಚಾಗಿ ನಾಲ್ಕರ ನಡೆ: ಒಂದು ಏಟಿಗೆ ಎರಡೋ ನಾಲ್ಕೋ ತುಂಡು. ತಮಟೆಯ ಈ ನಡೆಯಲ್ಲಿ ಒಂದು ಏಟಿಗೆ ಮೂರು ತುಂಡು. ಎರಡನ್ನೂ ಒಂದರ ಮೇಲೊಂದು ಹಾಕಿದರೆ ಗಲಾಟೆ, ವೇಗ ಒಂದೇ ಇದ್ದರೂ. ಸಾಫ್ಟ್‌ವೇರ್‌ಗೂ ಇದರಲ್ಲಿ ಗೊಂದಲ. ನಿಜವಾಗಿ ನಿಮಿಷಕ್ಕೆ 130 ಏಟಿನ ವೇಗದ ತಮಟೆ ಹಾಡನ್ನು 195 ಅಂತಲೋ 97 ಅಂತಲೋ ತೋರಿಸುವುದುಂಟು. ಕಾಲು ತಟ್ಟಿ ನೀವೇ ಎಣಿಸಿ ಸರಿಪಡಿಸಿಡಿ. ಆಷಾಢದಲ್ಲಿ, ಪಿತೃಪಕ್ಷದಲ್ಲಿ ನಮಗೆ ಕೆಲಸ ಇರೋದಿಲ್ಲ. ಲೈಬ್ರರಿ ತೊಳೆದು ಒಣಗಿಸೋಕೆ ಅದೇ ಸರಿಯಾದ ಸಮಯ.

ನಾಲ್ಕರ ನಡೆಯಿಂದ ತಮಟೆಗೆ ದಾಟೋದು ಹೇಗೆ? ನಾನು ಮಾಡುವ ಕ್ರಮ ಹೇಳುತ್ತೇನೆ. ಓಡುತ್ತಿರುವ ಹಾಡಿನ ಪಲ್ಲವಿ ಕೊನೆಯ ಸಾಲಿಗೆ ಬಂದಾಗ ಬೇಸ್ ಇಳಿಸುತ್ತೇನೆ. ಎಲ್ಲರೂ ಕೂಗಿ ಹಾಡುವ ಕೊನೆಯ ಪದಕ್ಕೆ ಎಕೋ ಹಾಕಿ ಫೇಡರ್ ಕೆಳಗೆಳೆಯುತ್ತೇನೆ. ಆ ಎಕೋ ಸಾಯುವ ತನಕ ಏನೂ ಇಲ್ಲ. ಇಲ್ಲಿ ಹೆದರಿ ಬೇಗ ಒತ್ತಬಾರದು, ಒಂದು ಉಸಿರಿನಷ್ಟು ಖಾಲಿ ಬಿಡಬೇಕು. ಆಮೇಲೆ ಬರೀ ತಮಟೆ, ಹಾಡಿಲ್ಲದ ತಮಟೆ, ಎಂಟು ಆವರ್ತ. ಮೊದಲ ಎರಡು ಆವರ್ತದಲ್ಲಿ ಹುಡುಗರು ತಿರುಗಿ ನೋಡುತ್ತಾರೆ. ಮೂರನೆಯದಕ್ಕೆ ಕರ್ಚೀಫು ಹೊರಗೆ ಬರುತ್ತದೆ. ಆರನೆಯದಕ್ಕೆ ಹಿಂದೆ ಊಟದ ಸಾಲಿನಲ್ಲಿದ್ದವನೊಬ್ಬ ತಟ್ಟೆ ಯಾರದ್ದೋ ಕೈಗೆ ಕೊಟ್ಟು ಓಡಿ ಬರುತ್ತಾನೆ. ಆಗ ಹಾಡು. ಒಮ್ಮೆ ತಮಟೆಗೆ ಹೋದ ಮೇಲೆ ನಾಲ್ಕೈದು ಹಾಡು ಅಲ್ಲೇ ಇರಿ. ವಾಪಸ್ ಬಂದರೆ ಸಪ್ಪೆಯಾಗುತ್ತದೆ. ಹಾಗಾಗಿ ತಮಟೆ ಕೊನೆಯ ಇಪ್ಪತ್ತು ನಿಮಿಷಕ್ಕೆ.

ಭಾಷೆಯ ವಿಷಯ. ಬೆಂಗಳೂರಿನ ಮದುವೆಯಲ್ಲಿ ಕನ್ನಡ, ತೆಲುಗು, ತಮಿಳು, ಹಿಂದಿ ನಾಲ್ಕೂ ಇರುತ್ತವೆ. ಹುಡುಗನ ಮನೆಯವರು ತೆಲುಗು ಮಾತಾಡುವವರು, ಹುಡುಗಿಯ ಆಫೀಸಿನವರು ಉತ್ತರದವರು. ನಾನು ಕನ್ನಡದಲ್ಲಿ ಶುರು ಮಾಡಿ ಕನ್ನಡದಲ್ಲಿ ಮುಗಿಸುತ್ತೇನೆ. ನಡುವೆ ಯಾವುದೂ ಇರಲಿ. ಹೀಗೆ ಮಾಡಿದರೆ ಯಾಕೆ ಆ ಭಾಷೆ ಹಾಕಿದೆ ಅಂತ ಜಗಳ ಬರುವುದಿಲ್ಲ. ದಾಟಲು ಒಂದು ಸುಲಭದ ಸೇತುವೆಯೂ ಇದೆ. ಈಗ ದೊಡ್ಡ ಕನ್ನಡ ಸಿನಿಮಾಗಳು ಹಲವು ಭಾಷೆಯಲ್ಲಿ ಒಟ್ಟಿಗೆ ಬರುತ್ತವೆ. 2022ರ 'ವಿಕ್ರಾಂತ್ ರೋಣ'ದ ರಕ್ಕಮ್ಮ ಹಾಡನ್ನೇ ತಗೊಳ್ಳಿ. ಅಜನೀಶ್ ಲೋಕನಾಥ್ ಅವರ ಅದೇ ಟ್ಯೂನು ಕನ್ನಡದಲ್ಲೂ ಇದೆ, ಹಿಂದಿಯಲ್ಲೂ ಇದೆ. ವೇಗ, ಶ್ರುತಿ, ವಾದ್ಯ ಎಲ್ಲಾ ಹೊಂದುವುದರಿಂದ ಒಂದು ಡೆಕ್‌ನಲ್ಲಿ ಕನ್ನಡ, ಇನ್ನೊಂದರಲ್ಲಿ ಹಿಂದಿ ಇಟ್ಟು ಪಲ್ಲವಿ ಕನ್ನಡದಲ್ಲಿ ಮುಗಿಸಿ ಚರಣ ಹಿಂದಿಗೆ ಜಿಗಿಯಬಹುದು. ಎರಡೂ ಕಡೆಯವರು ಒಟ್ಟಿಗೆ ಕಿರುಚುತ್ತಾರೆ. ಅಲ್ಲಿಂದ ಮುಂದೆ ಹಿಂದಿ ಹಾಡಿಗೆ ಹೋದರೆ ದಾಟಿದ್ದೇ ಗೊತ್ತಾಗುವುದಿಲ್ಲ.

ಒಂದು ಹಾಡಿನ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. 2017ರ 'ರಾಜಕುಮಾರ' ಸಿನಿಮಾದ 'ಬೊಂಬೆ ಹೇಳುತೈತೆ' ಬಂದ ಹೊಸದರಲ್ಲಿ ಎಲ್ಲ ಸಮಾರಂಭದಲ್ಲೂ ಖುಷಿಯ ಹಾಡಾಗಿತ್ತು. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡ ಮೇಲೆ ಅದು ಅವರನ್ನು ನೆನೆಯುವ ಹಾಡಾಯಿತು. ಅದು ಬಂದರೆ ಜನ ಮೊಬೈಲ್ ಟಾರ್ಚ್ ಎತ್ತುತ್ತಾರೆ, ಜೊತೆಗೆ ಹಾಡುತ್ತಾರೆ, ಕೆಲವರ ಕಣ್ಣು ಒದ್ದೆಯಾಗುತ್ತದೆ. ಹಾಕಬೇಡಿ ಅಂತಲ್ಲ. ಕುಣಿತದ ನಡುವೆ ತುರುಕಬೇಡಿ. ಹಾಕುವುದಾದರೆ ಕುಣಿತ ಮುಗಿಸಿ ಹೆಣ್ಣು ಗಂಡು ಮತ್ತೆ ಸ್ಟೇಜ್ ಹತ್ತುವ ಮುಂಚೆ, ಪೂರ್ತಿ ಹಾಕಿ, ಅದರ ಮೇಲೆ ಮೈಕ್‌ನಲ್ಲಿ ಮಾತಾಡಬೇಡಿ.

ಊರು ಬದಲಾದರೆ ಲೆಕ್ಕವೂ ಬದಲಾಗುತ್ತದೆ. ಮಂಗಳೂರು, ಉಡುಪಿ ಕಡೆ ಕುಣಿತದ ರಾತ್ರಿ ಅಂದ್ರೆ ಮೆಹಂದಿ. ರಿಸೆಪ್ಷನ್ ಅಷ್ಟು ಗದ್ದಲ ಇರುವುದಿಲ್ಲ. ಅಲ್ಲಿನ ಕ್ರೈಸ್ತ ಮದುವೆಗಳಲ್ಲಿ ಲೈವ್ ಬ್ಯಾಂಡ್, ಎಂಸಿ (ಕಾರ್ಯಕ್ರಮದ ನಿರೂಪಕರು), ಟೋಸ್ಟ್, ಜೋಡಿಯ ಮೊದಲ ನೃತ್ಯ, ಬೈಲಾ ಕುಣಿತ ಹೀಗೆ ಕ್ರಮ ಇರುತ್ತದೆ. ಎಂಸಿ ಹೇಳಿದ್ದೇ ಅಲ್ಲಿ ಕಾನೂನು, ಡಿಜೆ ಅವರ ಕೈಕೆಳಗೆ. ಕೊಡವರ ಮದುವೆಯಲ್ಲಿ ವಾಲಗಕ್ಕೆ ಕುಣಿಯುವಷ್ಟು ಚೆನ್ನಾಗಿ ಅವರು ನಿಮ್ಮ ಯಾವ ಹಾಡಿಗೂ ಕುಣಿಯುವುದಿಲ್ಲ, ಸುಮ್ನೆ ದಾರಿ ಬಿಟ್ಟು ನೋಡಿ. ಹುಬ್ಬಳ್ಳಿ, ಬಾಗಲಕೋಟೆ, ವಿಜಯಪುರದ ಕಡೆಯ ಬಂಧುಗಳಿದ್ದರೆ ಉತ್ತರ ಕರ್ನಾಟಕದ ಜಾನಪದ ಡಿಜೆ ಹಾಡುಗಳ ಒಂದು ಫೋಲ್ಡರ್ ಬೇಕೇ ಬೇಕು. ಯಾವುದು ಓಡುತ್ತಿದೆ ಅಂತ ಆ ಕಡೆಯ ಯಾವನಾದರೂ ಹುಡುಗನನ್ನೇ ಕೇಳಿ, ಹೊಸ ಹಾಡು ಬರುತ್ತಲೇ ಇರುತ್ತವೆ.

ಸಾಮಾನಿನ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ, ನಿಮಗೆ ಗೊತ್ತಿರುವುದೇ. ಹಾಡುಗಳು ಲ್ಯಾಪ್‌ಟಾಪ್ ಒಳಗೇ ಇರಲಿ, ಇಂಟರ್ನೆಟ್ ನಂಬಬೇಡಿ. ಛತ್ರದಲ್ಲಿ ಐನೂರು ಮೊಬೈಲ್ ಒಂದೇ ಟವರ್ ಹಿಡಿದಿರುತ್ತವೆ. ಇನ್ನೊಂದು ಪೂರ್ತಿ ಪ್ರತಿ ಪೆನ್‌ಡ್ರೈವ್‌ನಲ್ಲಿ, ಫ್ಯಾಟ್ 32 ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿದ್ದು, ಯಾಕಂದ್ರೆ ಹಳೆಯ ಪ್ಲೇಯರ್‌ಗಳು ಬೇರೆ ಎಷ್ಟೋ ಮಾದರಿಗಳನ್ನು ಓದುವುದಿಲ್ಲ. ಕರೆಂಟ್ ಹೋಗಿ ಜನರೇಟರ್ ಬರುವ ಆ ಹತ್ತು ಸೆಕೆಂಡಿನಲ್ಲಿ ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಬದುಕಿರುತ್ತದೆ, ಕಂಟ್ರೋಲರ್, ಮಿಕ್ಸರ್ ಸತ್ತಿರುತ್ತವೆ. ಒಂದು ಸಣ್ಣ ಯುಪಿಎಸ್ ಇಡಿ. ಲೈಟಿಂಗ್‌ನವರ ಜೊತೆ ಒಂದೇ ಬೋರ್ಡ್ ಹಂಚಿಕೊಂಡರೆ ಸ್ಪೀಕರ್‌ನಲ್ಲಿ ಗುಂಯ್ ಅನ್ನುವುದುಂಟು, ಬೇರೆ ಲೈನ್ ಕೇಳಿ. ಸ್ಪೀಕರ್ ಸ್ಟ್ಯಾಂಡ್ ಜನರ ತಲೆಗಿಂತ ಎತ್ತರ ಇರಲಿ, ಮುಖ ಕುಣಿಯುವ ಜಾಗದ ಕಡೆ. ಅದರ ಮುಂದೆ ಅಜ್ಜಿ ತಾತನ ಕುರ್ಚಿ ಹಾಕಲು ಬಿಡಬೇಡಿ. ಕೈಮೈಕ್‌ಗೆ ಹೊಸ ಬ್ಯಾಟರಿ. ಆ ಮೈಕ್‌ನಲ್ಲಿ ಬಿಳಿ ಕಾರಿನವರು ದಯವಿಟ್ಟು ಗಾಡಿ ತೆಗೆಯಿರಿ ಅಂತ ಕೂಗಬೇಕಾದವರೂ ನೀವೇ.

ಕಸಿನ್‌ಗಳು ತಾಲೀಮು ಮಾಡಿದ ಡ್ಯಾನ್ಸ್ ಇದ್ದೇ ಇರುತ್ತದೆ. ಹಾಡನ್ನು ವಾಟ್ಸಾಪ್‌ನಲ್ಲಿ ವಿಡಿಯೋ ಮಾಡಿ ಕಳಿಸುತ್ತಾರೆ, ಸದ್ದು ತಗಡಾಗಿರುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ ಅಂತ ಹೇಳಿ. ಎರಡು ದಿನ ಮುಂಚೆ ಕೇಳಿ, ಹೆಸರಿನ ಮುಂದೆ 1, 2, 3 ಬರೆದಿಡಿ. ಹಾಡು ಶುರುವಾದ ಮೇಲೆ ಅವರು ಬರುತ್ತಾರೋ, ಅವರು ಬಂದು ನಿಂತ ಮೇಲೆ ಹಾಡೋ ಅದನ್ನೂ ಕೇಳಿಟ್ಟುಕೊಳ್ಳಿ. ಮಕ್ಕಳ ಡ್ಯಾನ್ಸ್ ಇದ್ದರೆ ಅದೇ ಮೊದಲು. ಒಂಬತ್ತರ ಮೇಲೆ ಮಕ್ಕಳು ಹೆಗಲ ಮೇಲೆ ನಿದ್ದೆ.

ನನ್ನ ಹಾಡು ಹಾಕಿ ಅಂತ ಬರುವವರ ಬಗ್ಗೆ ಒಂದು ಮಾತು. ಇಲ್ಲ ಅನ್ನಬೇಡಿ, ಆಯ್ತು ಅಂತಲೂ ಅನ್ನಬೇಡಿ. 'ನೋಡ್ತೀನಿ ಸರ್' ಸಾಕು. ಕೇಳಿದವರು ಯಾರು ಅಂತ ನೋಡಿ. ಹೆಣ್ಣಿನ ಅಜ್ಜಿ ಕೇಳಿದರೆ ಮುಂದಿನ ಹಾಡೇ ಅದು. ಒಬ್ಬನೇ ಬಂದು ನಾಲ್ಕನೇ ಸಲ ಕೇಳುತ್ತಿದ್ದರೆ ಅವನ ಹಿಂದೆ ಯಾರೂ ಇಲ್ಲ ಅಂತ ಅರ್ಥ.

ಇನ್ನು ಪ್ರಶ್ನೆಗಳು.

ಒಬ್ಬರು ಕೇಳಿದ್ದು: ಮದುವೆಯಲ್ಲಿ ಸಿನಿಮಾ ಹಾಡು ಹಾಕಲು ಲೈಸೆನ್ಸ್ ಬೇಕಾ?

1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ಧಾರ್ಮಿಕ ಸಮಾರಂಭಗಳಿಗೆ ವಿನಾಯಿತಿ ಕೊಡುತ್ತದೆ. ಮದುವೆ ಮೆರವಣಿಗೆ, ಮದುವೆಗೆ ಸೇರಿದ ಇತರ ಸಾಮಾಜಿಕ ಸಂಭ್ರಮಗಳೂ ಅದರಲ್ಲಿ ಬರುತ್ತವೆ ಅಂತ ಅಲ್ಲೇ ವಿವರಣೆ ಇದೆ. 2023ರ ಜುಲೈನಲ್ಲಿ ಕೇಂದ್ರ ಸರ್ಕಾರ ಇದನ್ನೇ ಮತ್ತೊಮ್ಮೆ ಸಾರ್ವಜನಿಕ ಪ್ರಕಟಣೆಯಲ್ಲಿ ಹೇಳಿತು. ಹಾಗಿದ್ದರೂ ಈ ವಿಷಯ ಕೋರ್ಟುಗಳಿಗೆ ಹೋಗಿದೆ, ಕೆಲವು ಹೋಟೆಲ್‌ಗಳು ಲೈಸೆನ್ಸ್ ತೋರಿಸಿ ಅನ್ನುತ್ತವೆ. ಬುಕಿಂಗ್ ಮಾಡುವಾಗಲೇ ಮನೆಯವರು ಹೋಟೆಲ್ ಜೊತೆ ಇದನ್ನು ಬರಹದಲ್ಲಿ ಇತ್ಯರ್ಥ ಮಾಡಿಕೊಳ್ಳಲಿ. ಕಂಪನಿ ಪಾರ್ಟಿ, ಹೊಸ ವರ್ಷದ ಪಾರ್ಟಿಗೆ ಈ ಮದುವೆ ವಿನಾಯಿತಿ ಬರುವುದಿಲ್ಲ, ಅದು ನೆನಪಿರಲಿ.

ಇನ್ನೊಬ್ಬರು: ವಾರಕ್ಕೆ ಮೂರು ಮದುವೆ ಇದ್ದರೆ ನಮ್ಮ ಕಿವಿ ಏನಾಗುತ್ತದೆ?

85 ಡೆಸಿಬೆಲ್ ಸದ್ದಿಗೆ ದಿನಕ್ಕೆ ಎಂಟು ಗಂಟೆ ಅನ್ನೋದು ಸುರಕ್ಷತೆಯ ಸಾಮಾನ್ಯ ಲೆಕ್ಕ. ಪ್ರತಿ 3 ಡೆಸಿಬೆಲ್ ಹೆಚ್ಚಾದಾಗ ಹೊತ್ತು ಅರ್ಧ ಆಗುತ್ತದೆ. 100ಕ್ಕೆ ಬಂದರೆ ಕಾಲು ಗಂಟೆ. ಕುಣಿತದ ಹೊತ್ತಿನಲ್ಲಿ ಸ್ಪೀಕರ್ ಹತ್ತಿರ 100 ದಾಟುವುದು ಕಷ್ಟವೇನಲ್ಲ. ಇಯರ್‌ಪ್ಲಗ್ ಹಾಕಿಕೊಳ್ಳಿ, ಕನ್ಸೋಲನ್ನು ಸ್ಪೀಕರ್‌ನ ಹಿಂದೆ ಇಡಿ. ಹೆಡ್‌ಫೋನ್ ಒಂದು ಕಿವಿಗೆ ಮಾತ್ರ ಹಿಡಿಯುವ ಅಭ್ಯಾಸ ಇದ್ದರೆ ಆ ಕಿವಿ ಯಾವುದು ಅಂತ ಆಗಾಗ ಬದಲಾಯಿಸಿ.

ಕೊನೆಯ ಪ್ರಶ್ನೆ ಒಬ್ಬ ಹುಡುಗಿಯದು. ಅವಳು ಡಿಜೆ ಅಲ್ಲ, ಅವಳದ್ದೇ ಮದುವೆಯಂತೆ: ಡಿಜೆ ಕರೆಸಲು ದುಡ್ಡಿಲ್ಲ, ಫೋನಿನಲ್ಲಿ ಪ್ಲೇಲಿಸ್ಟ್ ಹಾಕಿಕೊಂಡರೆ ನಡೆಯುತ್ತಾ ಸರ್?

ನಡೆಯುತ್ತದಮ್ಮ. ಛತ್ರದವರ ಸ್ಪೀಕರ್ ಇದ್ದರೆ ಮೊದಲ ಎರಡು ಗಂಟೆಗೆ ಅದೇ ಸಾಕು, ನನ್ನಂಥವನು ಬೇಕಾಗಿಲ್ಲ. ಎರಡು ಪಟ್ಟಿ ಮಾಡಿ, ಒಂದು ಮೆಲ್ಲಗಿನದು ಎರಡೂವರೆ ಗಂಟೆಗೆ, ಒಂದು ಕುಣಿಯೋದು ನಲವತ್ತು ನಿಮಿಷಕ್ಕೆ. ಹಾಡುಗಳನ್ನು ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಎರಡು ಹಾಡಿನ ನಡುವೆ, ಒಂದು ಇಳಿಯುತ್ತಾ ಇನ್ನೊಂದು ಏರುವ ಹಾಗೆ, ನಾಲ್ಕೈದು ಸೆಕೆಂಡ್ ಕ್ರಾಸ್‌ಫೇಡ್ ಆನ್ ಮಾಡಿ. ನಿಮ್ಮ ಫೋನ್ ಬೇಡ, ಅವತ್ತು ನಿಮಗೆ ನೂರು ಕರೆ ಬರುತ್ತದೆ. ಬೇರೆ ಹಳೆ ಫೋನ್ ತಗೊಂಡು ಫ್ಲೈಟ್ ಮೋಡ್‌ಗೆ ಹಾಕಿ, ಚಾರ್ಜರ್‌ಗೆ ಸಿಕ್ಕಿಸಿ, ಬ್ಲೂಟೂತ್ ಬೇಡ, ವೈರ್‌ನಲ್ಲೇ ಸೇರಿಸಿ. ಕುಣಿಯೋದರಲ್ಲಿ ಆಸಕ್ತಿ ಇಲ್ಲದ ಒಬ್ಬ ತಮ್ಮನನ್ನೋ ಬಾವನನ್ನೋ ಅದರ ಪಕ್ಕ ಕೂರಿಸಿ. 8.30ಕ್ಕೆ ಸ್ಟೇಜ್ ಇಳಿಯೋ ವಿಷಯ ಮಾತ್ರ ನಿಮ್ಮ ಸೋದರಮಾವನ ಹತ್ತಿರ ಈ ವಾರವೇ ಮಾತಾಡಿ.